ಶಾರ್ಟ್ ಶಿಫ್ಟರ್: ಜೋಡಿಸಲು ಅರ್ಧ ದಿನ, ಪಳಗಿಸಲು ಒಂದು ತಿಂಗಳು

ಎರಡರಿಂದ ಮೂರನೇ ಗೇರಿಗೆ ಹೋಗುವಾಗ ತೋಳನ್ನೇ ಚಾಚಬೇಕಾದ ಕಾರು ಓಡಿಸುವವರಿಗೆ, ಗೇರ್ ರಾಡಿನ ಓಟವನ್ನು ಗಿಡ್ಡ ಮಾಡುವ ಶಾರ್ಟ್ ಶಿಫ್ಟರ್ ಮೇಲೆ ಆಸೆ ಹುಟ್ಟುವುದು ಸಹಜ. ಮಣಿಕಟ್ಟು ಹೊರಳಿಸಿದಷ್ಟಕ್ಕೇ ಗೇರ್ ಬೀಳುವ ಸುಖ ಒಮ್ಮೆ ಕಂಡ ಕೈಗೆ ಹಳೆಯದು ಸಪ್ಪೆ. ಆದರೆ ಆ ಸುಖ ಪುಕ್ಕಟೆಯಲ್ಲ. ಕೈ ಓಡುವ ದೂರ ಎಷ್ಟು ಕಡಿಮೆಯಾಗುತ್ತದೋ, ತಳ್ಳುವ ಬಲ ಅಷ್ಟಕ್ಕಷ್ಟು ಹೆಚ್ಚಬೇಕು. ಸನ್ನೆಕೋಲಿನ ಲೆಕ್ಕದಿಂದ ಯಾರೂ ತಪ್ಪಿಸಿಕೊಳ್ಳಲಾರರು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪೆಟ್ರೋಲ್ ಎಂಜಿನ್ನಿನ, ಐದು ಗೇರಿನ ಫೋಕ್ಸ್‌ವ್ಯಾಗನ್ ಪೋಲೊ. ಪುಣೆ ಬಳಿಯ ಚಾಕಣದಲ್ಲಿ ತಯಾರಾಗಿ 2010ರಿಂದ 2022ರವರೆಗೆ ನಮ್ಮಲ್ಲಿ ಮಾರಾಟವಾದ ಕಾರು ಇದು. ಇದರ ಗೇರಿನ ಡಬ್ಬ ಬಾನೆಟ್ ಕೆಳಗೆ ಅಡ್ಡಲಾಗಿ ಕೂತಿರುತ್ತದೆ. ನಿಮ್ಮ ಕೈಯಲ್ಲಿರುವ ಗೇರ್ ರಾಡಿಗೂ ಆ ಡಬ್ಬಕ್ಕೂ ನಡುವೆ ಎರಡು ಕೇಬಲ್. ಒಂದು ಹಿಂದೆ ಮುಂದೆ ಎಳೆಯಲು, ಇನ್ನೊಂದು ಎಡ ಬಲ ಸರಿಸಲು. ಹಳೆಯ ಜಿಪ್ಸಿಯಂತೆ ರಾಡು ನೇರ ಗೇರ್‌ಬಾಕ್ಸಿಗೇ ಇಳಿಯುವ ಗಾಡಿಗಳಲ್ಲಿ ರಾಡನ್ನೇ ಬದಲಿಸಬೇಕು. ಪೋಲೊದಲ್ಲಿ ಬದಲಾಗುವುದು ಡಬ್ಬದ ತಲೆಯ ಮೇಲಿರುವ ಸೆಲೆಕ್ಟರ್ ಲಿವರ್.

ಆ ಲಿವರಿನ ತೋಳು ಗಿಡ್ಡವಾದರೆ ಕೇಬಲ್ ಸ್ವಲ್ಪ ಎಳೆದರೂ ಒಳಗಿನ ಶಾಫ್ಟು ಹೆಚ್ಚು ತಿರುಗುತ್ತದೆ. ಲೆಕ್ಕಕ್ಕೆಂದು ತೋಳು 60 ಮಿ.ಮೀ. ಇದ್ದದ್ದು 45ಕ್ಕೆ ಇಳಿಯಿತು ಅನ್ನೋಣ. ಕೈಯ ಓಟ ಕಾಲು ಭಾಗ ಕಡಿಮೆ, ಬೇಕಾದ ಬಲ ಮೂರನೇ ಒಂದು ಭಾಗ ಜಾಸ್ತಿ. ಹಾಗಾಗಿ ಓಟವನ್ನು ಅರ್ಧಕ್ಕೆ ಇಳಿಸುತ್ತೇವೆ ಎನ್ನುವ ಕಿಟ್‌ಗಳನ್ನು ದಿನಬಳಕೆಯ ಕಾರಿಗೆ ನಾನು ಹೇಳುವುದಿಲ್ಲ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟುವವರಿಗೆ ಒಂದು-ಎರಡು, ಎರಡು-ಒಂದು ಅನ್ನುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ.

ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಆರಿಸಿ, ಮೂರನೇ ಗೇರಿಗೆ ಹಾಕಿ, ರಾಡನ್ನು ಎರಡು ಬೆರಳಲ್ಲಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಗಂಜಿಯಲ್ಲಿ ಸೌಟು ತಿರುವಿದ ಹಾಗೆ ತೊನೆದರೆ ಸವೆದಿರುವುದು ಕೀಲಿನೊಳಗೆ ಕೂರುವ ಬುಷ್ಷು ಅಥವಾ ಕೇಬಲ್ ತುದಿಯ ಪ್ಲಾಸ್ಟಿಕ್. ಶಾರ್ಟ್ ಶಿಫ್ಟರ್ ಬೇಕು ಎಂದು ಬರುವವರಲ್ಲಿ ಎಷ್ಟೋ ಜನಕ್ಕೆ ನಿಜಕ್ಕೂ ಬೇಕಾಗಿರುವುದು ಹೊಸ ಬುಷ್ಷು ಎಂಬುದು ನನ್ನ ನಂಬಿಕೆ. ಸಡಿಲ ಹಾಗೇ ಉಳಿಸಿಕೊಂಡು ಓಟ ಮಾತ್ರ ಗಿಡ್ಡ ಮಾಡಿದರೆ ಮೂರು ಯಾವುದು ಐದು ಯಾವುದು ಎಂದು ಕೈಗೇ ತಿಳಿಯದಂತಾಗುತ್ತದೆ. ವಾರಂಟಿ ಇನ್ನೂ ಇದ್ದರೆ ಮುಗಿಯುವವರೆಗೆ ಕಾಯಿರಿ.

ಕೆಲಸಕ್ಕೆ ತಂಪು ಎಂಜಿನ್ ಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಬ್ಯಾಟರಿ, ಅದರ ತಟ್ಟೆ, ಕೆಲವು ಎಂಜಿನ್‌ಗಳಲ್ಲಿ ಏರ್ ಫಿಲ್ಟರ್ ಡಬ್ಬ ಇವಿಷ್ಟೂ ಹೊರಬಂದರೆ ಲಿವರಿಗೆ ಕೈ ಎಟಕುತ್ತದೆ. ಏನನ್ನೂ ಮುಟ್ಟುವ ಮೊದಲು ಎರಡು ಕಡೆಯಿಂದ ಫೋಟೊ ತೆಗೆದುಕೊಳ್ಳಿ. ಆಮೇಲೆ ಲಿವರಿನ ಸುತ್ತ ಒಂದು ಹಳೆಯ ಪಂಚೆ ತುರುಕಿ. ಪಂಚೆ ಇಲ್ಲದೆ ಮೊದಲ ಸಲ ಈ ಕೆಲಸಕ್ಕೆ ಇಳಿದಾಗ ಬೆರಳುಗುರಿನಷ್ಟು ಚಿಕ್ಕ ಕ್ಲಿಪ್ ಚಿಮ್ಮಿ ಕೆಳಗಿನ ಕವಚಕ್ಕೆ ಬಿತ್ತು. ಅದನ್ನು ಹುಡುಕಲು ಕವಚ ಪೂರ್ತಿ ಬಿಚ್ಚಿದೆ, ಮಧ್ಯಾಹ್ನ ಅದರಲ್ಲೇ ಹೋಯಿತು.

ಎರಡೂ ಕೇಬಲ್ ತುದಿಯ ಹತ್ತಿರ ಸ್ಪ್ರಿಂಗ್ ಇರುವ ಒಂದೊಂದು ಬಳೆ ಇದೆ. ಅದನ್ನು ಮುಂದಕ್ಕೆ ಕೊನೆಯವರೆಗೆ ಎಳೆದು ಎಡಕ್ಕೆ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ, ಕೇಬಲ್ ಸಡಿಲವಾಗುತ್ತದೆ. ನಂತರ ಕ್ಲಿಪ್ ತೆಗೆದು ಕೇಬಲ್ ತುದಿಯನ್ನು ಲಿವರಿನಿಂದ ಬಿಡಿಸಬೇಕು. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಹಳೆಯ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿದ ಹಪ್ಪಳದಂತೆ ಮುರಿಯುತ್ತದೆ, ಮುರಿದರೆ ಕೇಬಲ್ಲೇ ಹೊಸದು ಬೇಕಾಗಬಹುದು. ಎರಡೂ ಹೆಬ್ಬೆರಳಿಂದ ನೇರವಾಗಿ, ಸಮನಾಗಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಈಗ ನಡುವಿನ ನಟ್ಟು ಬಿಚ್ಚಿ ಲಿವರನ್ನು ಮೇಲಕ್ಕೆ ಎತ್ತಿ. ಶಾಫ್ಟಿನ ಹಲ್ಲುಗಳ ಮೇಲೆ ಅದು ಯಾವ ದಿಕ್ಕಿಗೆ ಕೂತಿತ್ತೋ ಹೊಸದೂ ಅದೇ ದಿಕ್ಕಿಗೆ ಕೂರಬೇಕು. ಹಳೆಯ ಲಿವರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ. ಅದರ ಒಂದು ಪಕ್ಕಕ್ಕೆ ಗಟ್ಟಿ ಕಬ್ಬಿಣದ ಭಾರ ಇರುತ್ತದೆ. ಗೇರ್ ಬೀಳುವಾಗ ಸಿಗುವ ನಯ ಆ ಭಾರದ ಕೊಡುಗೆ. ಒಮ್ಮೆ ಚಲಿಸಿದ ಭಾರ ತಾನೇ ಮುಂದೆ ಹೋಗಿ ಕೊನೆಯ ತಡೆಯನ್ನು ದಾಟಿಸುತ್ತದೆ. ಬರೀ ತಗಡಿನ ಹಗುರ ಲಿವರ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿಕೊಂಡರೆ ಓಟ ಗಿಡ್ಡವಾಗುತ್ತದೆ, ಜೊತೆಗೆ ಪ್ರತಿ ಗೇರೂ ಕಟ್ ಕಟ್ ಎಂದು ತಡೆದು ತಡೆದು ಬೀಳುತ್ತದೆ. ಭಾರ ಇರುವ ಲಿವರನ್ನೇ ಕೊಳ್ಳಿ.

ಹೊಸ ಲಿವರ್ ಕೂರಿಸಿ, ಹೊಸ ಲಾಕ್ ನಟ್ಟನ್ನೇ ಹಾಕಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಮಾಡಿ. ಕೇಬಲ್ ತುದಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಪ್ಲಾಸ್ಟಿಕ್, ರಬ್ಬರ್ ಇರುವ ಕಡೆ ಸಿಕ್ಕಿದ ಗ್ರೀಸ್ ಮೆತ್ತಬಾರದು, ಕೆಲವು ರಬ್ಬರ್ ಉಬ್ಬಿಕೊಳ್ಳುತ್ತದೆ.

ಇನ್ನು ಕೇಬಲ್ ಹೊಂದಿಸುವುದು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಕೇಳುವುದು ಇದೇ. ಗೇರ್‌ಬಾಕ್ಸ್ ಮೇಲಿನ ಶಾಫ್ಟನ್ನು ಕೆಳಕ್ಕೆ ಒತ್ತಿ ಹಿಡಿದು, ಪಕ್ಕದಲ್ಲಿರುವ ಬಾಗಿದ ಕಡ್ಡಿಯನ್ನು ಮೇಲಕ್ಕೆ ತಿರುಗಿಸಿ ಒಳಕ್ಕೆ ಒತ್ತಿದರೆ ಶಾಫ್ಟು ನ್ಯೂಟ್ರಲ್‌ನಲ್ಲಿ ಬಂಧಿಯಾಗುತ್ತದೆ. ಕಾರಿನೊಳಗೆ ಗೇರ್ ರಾಡಿನ ಚರ್ಮದ ಕವಚ ಎತ್ತಿ, ರಾಡಿನ ಬುಡದಲ್ಲಿರುವ ರಂಧ್ರ ಮತ್ತು ಹಿಂದಿನ ಚೌಕಟ್ಟಿನ ರಂಧ್ರ ಒಂದೇ ಗೆರೆಗೆ ಬಂದಾಗ ಬಿಗಿಯಾಗಿ ಕೂರುವ ಡ್ರಿಲ್ ಬಿಟ್ ತೂರಿಸಿ. ಈಗ ಎರಡೂ ತುದಿ ಕಟ್ಟಿಹಾಕಿದಂತಾಯಿತು. ಎಂಜಿನ್ ಕಡೆ ಬಂದು ಆ ಎರಡು ಬಳೆಗಳನ್ನು ಬಲಕ್ಕೆ ತಿರುಗಿಸಿ. ಸ್ಪ್ರಿಂಗಿನ ಬಲಕ್ಕೆ ಟಪ್ ಎಂದು ಹಿಂದಕ್ಕೆ ಹಾರಿ ಕೇಬಲನ್ನು ಕಚ್ಚಿಕೊಳ್ಳುತ್ತವೆ. ಎರಡೂ ಸದ್ದು ಕೇಳಿಸಿದ ಮೇಲೆಯೇ ಕಡ್ಡಿಯನ್ನು ಹಳೆಯ ಜಾಗಕ್ಕೆ ಇಳಿಸಿ, ಡ್ರಿಲ್ ಬಿಟ್ ಹೊರಗೆಳೆಯಿರಿ.

ಬ್ಯಾಟರಿ ಜೋಡಿಸುವ ಮೊದಲೇ ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ನೋಡಿ. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ಒಂದೊಂದು ಗೇರ್ ಬೀಳದೇ ಇರಬಹುದು. ಹ್ಯಾಂಡ್‌ಬ್ರೇಕ್ ಇಳಿಸಿ, ಕಲ್ಲು ತೆಗೆದು, ಕಾರನ್ನು ನಾಲ್ಕು ಬೆರಳು ಮುಂದೆ ತಳ್ಳಿದರೆ ಬೀಳುತ್ತದೆ. ರಾಡನ್ನು ಕೆಳಗೆ ಒತ್ತಿ, ಎಡಕ್ಕೆ ತಂದು ಮುಂದಕ್ಕೆ ತಳ್ಳುವ ರಿವರ್ಸ್, ಮತ್ತು ಬಲ ತುದಿಯ ಐದು, ಇವೆರಡನ್ನು ಹೆಚ್ಚು ಗಮನಿಸಿ. ಇವು ಬೀಳದಿದ್ದರೆ ಎಡ ಬಲದ ಕೇಬಲ್ ತಪ್ಪಿದೆ ಎಂದರ್ಥ. ಬಲ ಹಾಕಬೇಡಿ, ಮತ್ತೆ ಹೊಂದಿಸಿ.

ಪಳಗಿಸುವುದು ಅಂದರೆ ಲಿವರಿನ ಕಬ್ಬಿಣ ಹದವಾಗುವುದಲ್ಲ. ಹೊಸ ಬುಷ್ಷು ಹಾಕಿದ್ದರೆ ಅದು ಸ್ವಲ್ಪ ಒಗ್ಗಿಕೊಳ್ಳುತ್ತದೆ, ಅಷ್ಟೆ. ಒಗ್ಗಬೇಕಾದದ್ದು ನಮ್ಮ ಕೈ. ಗೇರ್‌ಬಾಕ್ಸಿನೊಳಗೆ ಸಿಂಕ್ರೊ ಎಂಬ ಉಂಗುರ ಗೇರಿನ ಕೋನಾಕಾರದ ಕುತ್ತಿಗೆಗೆ ಉಜ್ಜಿ, ಎರಡರ ವೇಗವನ್ನೂ ಸಮ ಮಾಡಿದ ಮೇಲೆಯೇ ಹಲ್ಲು ಕೂಡಲು ದಾರಿ ಬಿಡುತ್ತದೆ. ಅದಕ್ಕೆ ಒಂದು ಕ್ಷಣ ಬೇಕು. ಓಟ ಗಿಡ್ಡವಾಯಿತೆಂದು ಆ ಕ್ಷಣ ಕಿರಿದಾಗುವುದಿಲ್ಲ. ಇದನ್ನು ಮರೆತು ಹೊಡೆದಂತೆ ಗೇರ್ ಹಾಕುವವರ ಕಾರಿನಲ್ಲಿ ಮೊದಲು ಸವೆಯುವುದು ಈ ಉಂಗುರವೇ, ಸಾಮಾನ್ಯವಾಗಿ ಎರಡನೇ ಗೇರಿನದು.

ಮೊದಲ ಎರಡು ವಾರ ರಾಡನ್ನು ಮುಷ್ಟಿಯಲ್ಲಿ ಹಿಡಿಯದೆ ಅಂಗೈ ತೆರೆದು ತಳ್ಳಿ. ತಡೆ ಸಿಕ್ಕ ಕಡೆ ಒತ್ತಡ ಬಿಡದೆ ಅರೆಗಳಿಗೆ ನಿಲ್ಲಿ, ಅದೇ ಒಳಗೆ ಎಳೆದುಕೊಳ್ಳುತ್ತದೆ. ಮಡಿಕೇರಿಯಂಥ ಊರಿನ ಚಳಿಯ ಬೆಳಗಿನಲ್ಲಿ ಗೇರ್ ಆಯಿಲ್ ಗಟ್ಟಿಯಾಗಿರುತ್ತದೆ, ಹೊಸ ಲಿವರಿನಲ್ಲಿ ಅದು ಹಿಂದಿಗಿಂತ ಚೆನ್ನಾಗಿ ಕೈಗೆ ತಿಳಿಯುತ್ತದೆ. ಮೊದಲ ಕೆಲವು ಕಿಲೋಮೀಟರ್ ನಿಧಾನ ಹೋಗಿ. ರಿವರ್ಸ್ ಹಾಕುವಾಗ ಕಾರು ಪೂರ್ತಿ ನಿಂತು, ಕ್ಲಚ್ ಒತ್ತಿ ಮೂರು ಎಣಿಸಿ. ಘಟ್ಟ ಇಳಿಯುವಾಗ ಮೂರರಿಂದ ಎರಡಕ್ಕೆ ಬರುವ ಮುಂಚೆ ಬ್ರೇಕಿನಿಂದ ವೇಗ ತಗ್ಗಿಸಿ. ರಾಡಿನ ಮೇಲೆ ಕೈ ಊರಿಕೊಂಡು ಓಡಿಸುವ ಅಭ್ಯಾಸವಿದ್ದರೆ ಈಗಲೇ ಬಿಡಿ, ಸನ್ನೆಕೋಲು ಬದಲಾದ ಮೇಲೆ ಆ ಭಾರ ಗೇರ್‌ಬಾಕ್ಸಿನೊಳಗೆ ಗೇರ್ ಕೂಡಿಸುವ ಫೋರ್ಕಿಗೆ ತಲುಪುವ ರೀತಿಯೂ ಬದಲಾಗಿರುತ್ತದೆ. ಕರ್ರ್ ಎಂಬ ಸದ್ದು ಬಿಸಿ ಎಂಜಿನ್ನಿನಲ್ಲೂ ಬಂದರೆ ಹಳೆಯ ಲಿವರ್ ವಾಪಸ್ ಹಾಕಿ ನೋಡಿ. ಆಗಲೂ ಬಂದರೆ ದೋಷ ಕ್ಲಚ್ಚಿನಲ್ಲೋ ಸಿಂಕ್ರೊದಲ್ಲೋ ಇದೆ.

ಬ್ಯಾಟರಿ ಮತ್ತೆ ಕೂರಿಸುವ ಮೊದಲು, ಬಿಗಿ ಮಾಡಿದ ನಟ್ಟಿನಿಂದ ಲಿವರಿನ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ತಿಂಗಳ ನಂತರ ಬಾನೆಟ್ ತೆರೆದು ಟಾರ್ಚ್ ಹಾಕಿ ನೋಡಿ. ಗೆರೆ ಮುರಿಯದೆ ಇದ್ದರೆ ನಟ್ಟು ಕದಲಿಲ್ಲ. ಕೂದಲೆಳೆಯಷ್ಟು ಜಾರಿದ್ದರೂ ಬ್ಯಾಟರಿ ತೆಗೆದು, ಹೊಸ ನಟ್ಟು ಹಾಕಿ ಮತ್ತೆ ಬಿಗಿ ಮಾಡಿ.