ಒಂದು ಮರದ ಬುಡ ಸಾಕು: ಮಕ್ಕಳಿಗೆ ಹೊರಗೆ ಪ್ರಕೃತಿ ಪಾಠ ಮಾಡುವುದು ಹೇಗೆ

ಮಕ್ಕಳಿಗೆ ಪ್ರಕೃತಿ ತೋರಿಸಬೇಕು ಅಂದ ಕೂಡಲೇ ತುಂಬ ಜನ ಕಾಡು, ಚಾರಣ, ದಿನವಿಡೀ ಪ್ರವಾಸ ಅಂತ ದೊಡ್ಡದಾಗಿ ಯೋಚಿಸುತ್ತಾರೆ. ಅಷ್ಟೆಲ್ಲ ಬೇಡ. ಒಂದು ಮರ, ಅದರ ಬುಡದಲ್ಲಿ ಒಂದಿಷ್ಟು ಮಣ್ಣು, ಒಂದಿಷ್ಟು ತರಗೆಲೆ ಇದ್ದರೆ ವರ್ಷಕ್ಕಾಗುವಷ್ಟು ಕೆಲಸ ಅಲ್ಲೇ ಇದೆ. ಜಾಗ ಚಿಕ್ಕದಿರಲಿ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಮಕ್ಕಳ ಕೈಗೆ ಕೆಲಸ ಕೊಡಿ, ನೀವು ಮಾತು ಕಡಿಮೆ ಮಾಡಿ.

ಸಾಮಾನು ಜಾಸ್ತಿ ಬೇಕಿಲ್ಲ. ನಾಲ್ಕು ಮೀಟರ್ ದಾರ, ಒಂದು ಭೂತಗನ್ನಡಿ, ಹಳೇ ಬಿಳಿ ಬಟ್ಟೆ, ಹುಳುಗಳನ್ನು ಮೆಲ್ಲಗೆ ಸರಿಸಲು ಒಂದು ಮೆತ್ತನೆಯ ಬ್ರಷ್, ಅಳತೆ ಟೇಪು, ನೋಟ್‌ಬುಕ್, ಪೆನ್ಸಿಲ್. ಪೆನ್ನಿಗಿಂತ ಪೆನ್ಸಿಲ್ ವಾಸಿ, ಒದ್ದೆಯಾದರೂ ಅಕ್ಷರ ಕದಡುವುದಿಲ್ಲ. ಕುಡಿಯುವ ನೀರು ಮತ್ತು ಸೋಪು ಮರೆಯಬೇಡಿ.

ದಾರದ ಎರಡು ತುದಿ ಸೇರಿಸಿ ಗಂಟು ಹಾಕಿ, ನಾಲ್ಕು ಕಡ್ಡಿ ನೆಟ್ಟು ಸುತ್ತ ಎಳೆದರೆ ಒಂದು ಚದರ ಮೀಟರ್ ಸಿಗುತ್ತದೆ. ಒಂದು ಚೌಕಕ್ಕೆ ಇಬ್ಬರು ಅಥವಾ ಮೂವರು ಮಕ್ಕಳು, ಅದಕ್ಕಿಂತ ಜಾಸ್ತಿ ಆದರೆ ಒಬ್ಬರು ನೋಡುತ್ತಾರೆ, ಉಳಿದವರು ತಳ್ಳಾಡುತ್ತಾರೆ. ‘ಇದರೊಳಗೆ ಏನೇನಿದೆ ಹುಡುಕಿ’ ಅಂದುಬಿಡಿ, ಸಾಕು. ಮೊದಲ ಐದು ನಿಮಿಷ ‘ಇಲ್ಲಿ ಏನೂ ಇಲ್ಲ’ ಅಂತಲೇ ಹೇಳುತ್ತಾರೆ, ಆಗ ನೀವು ಬಾಯಿ ಹಾಕದೆ ಸುಮ್ನೆ ಕೂತರೆ ಯಾರೋ ಒಬ್ಬರಿಗೆ ಒಂದು ಇರುವೆ ಕಾಣುತ್ತದೆ, ಇನ್ನೊಬ್ಬರಿಗೆ ತೂತು ಬಿದ್ದ ಎಲೆ, ಆಮೇಲೆ ಅವರನ್ನು ಎಬ್ಬಿಸುವುದೇ ಕಷ್ಟ. ಒಂದು ಹಿಡಿ ತರಗೆಲೆ ತಂದು ಬಿಳಿ ಬಟ್ಟೆಯ ಮೇಲೆ ಹರಡಿಸಿ. ನೆಲದಲ್ಲಿ ಮಣ್ಣಿನ ಬಣ್ಣಕ್ಕೆ ಸೇರಿಹೋಗಿದ್ದ ಸಣ್ಣ ಜೀವಗಳು ಬಟ್ಟೆ ಮೇಲೆ ಓಡಾಡುವಾಗ ಎದ್ದು ಕಾಣುತ್ತವೆ.

‘ಇದರ ಹೆಸರೇನು?’ ಅಂತ ಕೇಳಿಯೇ ಕೇಳುತ್ತಾರೆ. ತಕ್ಷಣ ಹೇಳಬೇಡಿ. ಹೆಸರು ಸಿಕ್ಕಿದ ಕೂಡಲೇ ಮಗು ಮುಂದಕ್ಕೆ ಹೊರಟುಬಿಡುತ್ತದೆ. ಕಾಲು ಎಷ್ಟಿವೆ ಎಣಿಸು ಅನ್ನಿ. ಆರಿದ್ದರೆ ಕೀಟ, ಎಂಟಿದ್ದರೆ ಜೇಡ ಅಥವಾ ಅದರ ಬಳಗ. ತುಂಬ ಕಾಲಿದ್ದರೆ ಇನ್ನೂ ಚೆನ್ನಾಯಿತು: ಮೈಯ ಒಂದೊಂದು ತುಂಡಿಗೆ ಎಷ್ಟು ಜೊತೆ ಕಾಲು ಅಂತ ನೋಡಬಹುದು. ಎರಡು ಜೊತೆ ಇದ್ದರೆ ಸಹಸ್ರಪದಿ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದೇ ಜೊತೆ, ಚಪ್ಪಟೆ ಮೈ, ಭಾರೀ ಓಟ ಅಂದರೆ ಶತಪದಿ. ಅದು ಕಚ್ಚುತ್ತದೆ, ದೂರದಿಂದಲೇ ನೋಡಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರೆಹುಳುವಿನ ಪಾಠ. ಮಳೆ ಬಿದ್ದ ಮಾರನೇ ದಿನ ಮಾಡಿ. ಕೈ ಒದ್ದೆ ಮಾಡಿಕೊಂಡು ಒಂದನ್ನು ಮೆಲ್ಲಗೆ ಎತ್ತಿ ಒಣ ಕಾಗದದ ಮೇಲೆ ಬಿಡಿ. ಎಲ್ಲರೂ ಕಿವಿ ಹತ್ತಿರ ತಂದು ಉಸಿರು ಬಿಗಿಹಿಡಿದರೆ ಸಣ್ಣಗೆ ಪರಪರ ಸದ್ದು ಕೇಳುತ್ತದೆ. ಅದು ಎರೆಹುಳುವಿನ ಉಂಗುರಗಳಲ್ಲಿರುವ ಬಿರುಗೂದಲು ಕಾಗದ ಕೆರೆಯುವ ಸದ್ದು. ಮಣ್ಣಿನ ಬಿಲದಲ್ಲಿ ಜಾರದೆ ಹಿಡಿದುಕೊಳ್ಳಲು ಇವೇ ಆಧಾರ. ಕೈ ಯಾಕೆ ಒದ್ದೆ ಇರಬೇಕು ಅಂತ ಮಕ್ಕಳನ್ನೇ ಕೇಳಿ. ಎರೆಹುಳು ಉಸಿರಾಡುವುದು ಚರ್ಮದಿಂದ, ಚರ್ಮ ಒಣಗಿದರೆ ಅದು ಸಾಯುತ್ತದೆ. ಒಂದೆರಡು ನಿಮಿಷ ಸಾಕು, ಆಮೇಲೆ ಎತ್ತಿದ ಜಾಗಕ್ಕೇ ವಾಪಸ್ ಬಿಡಿಸಿ. ಚಾರ್ಲ್ಸ್ ಡಾರ್ವಿನ್ ಎರೆಹುಳುಗಳಿದ್ದ ಕುಂಡಗಳನ್ನು ಪಿಯಾನೋ ಮೇಲಿಟ್ಟು ಪರೀಕ್ಷೆ ಮಾಡಿದ್ದರು. ಪಕ್ಕದಲ್ಲಿ ನುಡಿಸಿದಾಗ ಹುಳುಗಳು ಕ್ಯಾರೇ ಅನ್ನಲಿಲ್ಲ, ಪಿಯಾನೋ ಮೇಲೇ ಕುಂಡ ಇಟ್ಟು ನುಡಿಸಿದಾಗ ಬಿಲದೊಳಗೆ ಓಡಿದವು. ಸದ್ದು ಕೇಳದಿದ್ದರೂ ಅದುರುವುದು ಗೊತ್ತಾಗುತ್ತದೆ. ಇದನ್ನು ಹೇಳಿ ನೋಡಿ, ಮಕ್ಕಳು ತಾವಾಗಿಯೇ ಮೆಲ್ಲಗೆ ಹೆಜ್ಜೆ ಇಡಲು ಶುರು ಮಾಡುತ್ತಾರೆ.

ಇರುವೆ ಸಾಲು ಸಿಕ್ಕರೆ, ಅವು ಸಾಗುವ ದಾರಿಗೆ ಅಡ್ಡವಾಗಿ ಒಂದು ಸಲ ಬೆರಳಿನಿಂದ ಉಜ್ಜಿಸಿ. ಕಲ್ಲು ಅಥವಾ ಗೋಡೆಯ ಮೇಲಾದರೆ ಚೆನ್ನಾಗಿ ಕಾಣುತ್ತದೆ. ಇರುವೆಗಳು ಅಲ್ಲಿಗೆ ಬಂದು ನಿಲ್ಲುತ್ತವೆ, ತಿರುಗುತ್ತವೆ, ತಡಕಾಡುತ್ತವೆ, ಸ್ವಲ್ಪ ಹೊತ್ತಿಗೆ ದಾರಿ ಮತ್ತೆ ಕೂಡಿಕೊಳ್ಳುತ್ತದೆ. ನೆಲಕ್ಕೆ ಬಿಟ್ಟ ವಾಸನೆಯ ಗುರುತು ಹಿಡಿದು ಅವು ನಡೆಯುತ್ತವೆ ಅನ್ನುವುದನ್ನು ನೀವು ಹೇಳುವ ಮೊದಲೇ ಯಾರಾದರೂ ಊಹಿಸಿರುತ್ತಾರೆ. ಕಚ್ಚುವ ಕೆಂಪಿರುವೆ ಬೇಡ.

ಗಿಡಗಳ ಕಡೆಗೂ ಗಮನ ಇರಲಿ. ಬಿಸಿಲಿಗಿರುವ ಒಂದು ಎಲೆಗೊಂಚಲಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಕಟ್ಟಿ, ಒಂದೆರಡು ಗಂಟೆ ಬಿಟ್ಟು ನೋಡಿದರೆ ಒಳಗೆ ನೀರಿನ ಹನಿ ಕೂತಿರುತ್ತದೆ. ನೋಡಿದ ಮೇಲೆ ಚೀಲ ಬಿಚ್ಚಿ ತನ್ನಿ. ದೊಡ್ಡ ಮಕ್ಕಳಿದ್ದರೆ ಮರದ ಎತ್ತರ ಅಳೆಸಿ: ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ಕೋಲಿನ ನೆರಳು, ಮರದ ನೆರಳು ಎರಡನ್ನೂ ಒಂದೇ ಹೊತ್ತಿಗೆ ಅಳೆದು, ಮರದ ನೆರಳನ್ನು ಕೋಲಿನ ನೆರಳಿನಿಂದ ಭಾಗಿಸಿದರೆ ಮೀಟರ್‌ನಲ್ಲಿ ಎತ್ತರ ಬರುತ್ತದೆ. ನೆಲ ಸಮತಟ್ಟಾಗಿರಬೇಕು ಅಷ್ಟೇ.

ನೋಟ್‌ಬುಕ್‌ನಲ್ಲಿ ತಾರೀಕು, ಹೊತ್ತು, ಬಿಸಿಲೋ ಮೋಡವೋ ಅಂತ ಬರೆದು ಒಂದೇ ಒಂದು ಚಿತ್ರ ಬಿಡಿಸಿದರೆ ಸಾಕು. ಫೋಟೋ ಬೇಡ ಅಂತ ನಾನು ಹೇಳುವುದು ಯಾಕೆಂದರೆ, ಚಿತ್ರ ಬಿಡಿಸುವ ಮಗು ಮೀಸೆ ಎಲ್ಲಿಂದ ಹೊರಟಿದೆ, ಕಾಲು ಎಲ್ಲಿ ಅಂಟಿದೆ ಅಂತ ಹತ್ತು ಸಲ ತಿರುಗಿ ನೋಡಲೇಬೇಕು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮಾತೇ ಎತ್ತಬೇಡಿ.

ಎಚ್ಚರಿಕೆ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಜಾಗವನ್ನು ಮೊದಲು ನೀವೇ ಹೋಗಿ ನೋಡಿ ಬನ್ನಿ. ಕಣ್ಣಿಗೆ ಕಾಣದ ಕಡೆ, ಅಂದರೆ ಪೊಟರೆ, ಬಿಲ, ಪೊದೆಯೊಳಗೆ ಯಾರೂ ಕೈ ಹಾಕಬಾರದು. ಕಲ್ಲು ಎತ್ತುವುದಿದ್ದರೆ ದೊಡ್ಡವರೇ ಎತ್ತಬೇಕು, ಅದೂ ಆಚೆ ಅಂಚು ಹಿಡಿದು ತಮ್ಮ ಕಡೆಗೆ. ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಅದಕ್ಕೆ ಆಚೆ ಕಡೆ ದಾರಿ ಇರುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ, ಅದು ಯಾರದೋ ಮನೆ. ಕಂಬಳಿ ಹುಳು ಮುಟ್ಟುವ ಹಾಗಿಲ್ಲ, ಅಣಬೆಯಾಗಲಿ ಕಾಯಾಗಲಿ ಬಾಯಿಗೆ ಹೋಗುವ ಹಾಗಿಲ್ಲ. ಗುಡುಗು ಕೇಳಿದರೆ ಆಟ ಅಲ್ಲಿಗೇ ನಿಲ್ಲಿಸಿ ಕಟ್ಟಡದೊಳಗೆ ಹೋಗಿ, ಮರದಡಿ ನಿಲ್ಲಬೇಡಿ. ಕೊನೆಗೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಲಿ.

ಹುಳು ಅಂದರೆ ಹೆದರುವ ಮಗು ಪ್ರತಿ ಗುಂಪಲ್ಲೂ ಇರುತ್ತದೆ. ‘ಅಯ್ಯೋ, ಇಷ್ಟಕ್ಕೆಲ್ಲ ಹೆದರ್ತೀಯಾ’ ಅನ್ನಬೇಡಿ, ಕೈಗೆ ಇಡಲೂ ಹೋಗಬೇಡಿ. ಲೆಕ್ಕ ಬರೆಯುವ ಕೆಲಸ ಕೊಡಿ. ಕಾಲು ಎಷ್ಟು, ಯಾವ ಕಡೆ ಹೋಯಿತು ಅಂತ ಉಳಿದವರನ್ನು ಕೇಳಿ ಕೇಳಿ ಬರೆಯುತ್ತಾ, ಅವರು ಹೇಳಿದ್ದು ಸರಿಯೋ ತಪ್ಪೋ ಅಂತ ಅನುಮಾನ ಬಂದು, ತಾನೇ ಒಂದು ಹೆಜ್ಜೆ ಹತ್ತಿರ ಬರುತ್ತದೆ. ಆ ದಿನ ಬರದಿದ್ದರೂ ಪರವಾಗಿಲ್ಲ, ಮುಂದಿನ ವಾರ ಅದೇ ಚೌಕ, ಅದೇ ಕೆಲಸ.