ಬೆಂಗಳೂರಲ್ಲಿ ಒಳ್ಳೆ ತಿಂಡಿ, ಊಟ, ದಿನಸಿ ನಾನು ಹುಡುಕುವ ರೀತಿ

"ಬೆಂಗಳೂರಲ್ಲಿ ಒಳ್ಳೆ ಹೋಟೆಲ್ ಯಾವುದು?" ಎಂದು ಕೇಳಿದರೆ ಹೆಚ್ಚಿನವರು ಅದೇ ನಾಲ್ಕೈದು ಹೆಸರು ಹೇಳುತ್ತಾರೆ. ಆ ಹೆಸರುಗಳು ಸರಿಯೇ, ಆದರೆ ಪ್ರಶ್ನೆ ಸರಿಯಿಲ್ಲ. ನಾನು ಹುಡುಕುವುದು ಒಂದು ಪದಾರ್ಥವನ್ನು, ಮತ್ತು ಅದು ಚೆನ್ನಾಗಿ ಸಿಗುವ ಹೊತ್ತನ್ನು. ಇಡ್ಲಿಗೆ ಹೆಸರಾದ ಕಡೆ ದೋಸೆ ಸಾಧಾರಣ ಇರಬಹುದು. ಬೆಳಿಗ್ಗೆ ಎಂಟಕ್ಕೆ ಘಮಘಮ ಅನ್ನುವ ಚಟ್ನಿ ಹನ್ನೊಂದೂವರೆಗೆ ನೀರಾಗಿರಬಹುದು. ಹಾಗಾಗಿ ನನ್ನ ಫೋನಿನ ಪಟ್ಟಿಯಲ್ಲಿ ಪ್ರತಿ ಹೋಟೆಲಿನ ಪಕ್ಕ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ವಾರದ ರಜೆ ಯಾವತ್ತು ಎಂಬ ಮೂರು ವಿಷಯ ಇರುತ್ತವೆ.

ರಜೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ (1924ರಿಂದ ಇದೆ) ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ (1943) ಶುಕ್ರವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ (1965) ಭಾನುವಾರ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಬೇಡ.

ಬ್ರಾಹ್ಮಿನ್ಸ್ ಕಾಫಿ ಬಾರಿನ ಉದಾಹರಣೆ ಇನ್ನೊಂದು ಕಾರಣಕ್ಕೂ ಮುಖ್ಯ. ಅಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಪಟ್ಟಿ ಚಿಕ್ಕದಾದಷ್ಟೂ ಪದಾರ್ಥ ಬೇಗ ಖರ್ಚಾಗುತ್ತದೆ, ಬೇಗ ಖರ್ಚಾದರೆ ಹೊಸದಾಗಿ ಮಾಡಲೇಬೇಕಾಗುತ್ತದೆ. ದೋಸೆ, ನೂಡಲ್ಸ್, ಪನ್ನೀರ್ ಬಟರ್ ಮಸಾಲ, ಪಿಜ್ಜಾ ಎಲ್ಲ ಒಂದೇ ಅಡುಗೆಮನೆಯಿಂದ ಬರುತ್ತಿದ್ದರೆ, ಆ ಗ್ರೇವಿಗಳೆಲ್ಲ ಫ್ರಿಜ್ಜಿನಲ್ಲಿಟ್ಟ ಒಂದೇ ಈರುಳ್ಳಿ-ಟೊಮೇಟೊ ಮಸಾಲೆಯಿಂದ ಹುಟ್ಟಿರುತ್ತವೆ. ಅಂಥ ಕಡೆ ಹೋಗಲೇಬೇಕಾಗಿ ಬಂದರೆ ಅಕ್ಕಪಕ್ಕದ ಟೇಬಲ್ಲುಗಳಿಗೆ ಅತಿ ಹೆಚ್ಚು ಹೋಗುತ್ತಿರುವ ಪದಾರ್ಥವನ್ನೇ ಹೇಳುತ್ತೇನೆ.

ಫೋನಿನಲ್ಲಿ ಹುಡುಕುವಾಗ ಹೋಟೆಲ್ ಅಂತ ಟೈಪ್ ಮಾಡುವುದಿಲ್ಲ. ಮ್ಯಾಪಿನಲ್ಲಿ "ಮುದ್ದೆ ಊಟ", "ಜೋಳದ ರೊಟ್ಟಿ", "ನಾಟಿ ಕೋಳಿ" ಎಂದು ಕನ್ನಡದಲ್ಲೇ ಹಾಕುತ್ತೇನೆ, ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ. ಎರಡರಲ್ಲಿ ಬರುವ ಹೆಸರುಗಳು ಬೇರೆ ಬೇರೆ. ಕನ್ನಡದಲ್ಲಿ ಹುಡುಕಿದಾಗ ಬರುವ ಚಿಕ್ಕ ಜಾಗಗಳೇ ಹಲವು ಸಲ ಉಪಯೋಗಕ್ಕೆ ಬರುತ್ತವೆ. ಸರಾಸರಿ ಸ್ಟಾರ್ ಎಷ್ಟು ಎಂದು ನೋಡಿ ನಿಲ್ಲಿಸಬೇಡಿ. ವಿಮರ್ಶೆಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ, ಮೂರು ಸ್ಟಾರ್ ಕೊಟ್ಟವರದನ್ನು ಮೊದಲು ಓದಿ. ಐದು ಕೊಟ್ಟವರು "ಸೂಪರ್" ಅಂದು ಬಿಡುತ್ತಾರೆ, ಒಂದು ಕೊಟ್ಟವರು ಪಾರ್ಕಿಂಗ್ ಬಗ್ಗೆ ಬೈದಿರುತ್ತಾರೆ. ಮೂರು ಕೊಟ್ಟವರು ಮಾತ್ರ "ಚಾಪ್ಸ್ ಚೆನ್ನಾಗಿತ್ತು, ಬಿರಿಯಾನಿ ತಣ್ಣಗಿತ್ತು" ಎಂದು ಪದಾರ್ಥದ ಹೆಸರು ಹಿಡಿದು ಬರೆಯುತ್ತಾರೆ. ಮೊದಲು ಹೊಗಳಿಕೆ ತುಂಬಿದ್ದು, ಈಚಿನ ಆರು ತಿಂಗಳಲ್ಲಿ "ಮೊದಲಿನ ಹಾಗಿಲ್ಲ" ಎಂಬ ಮಾತು ಮತ್ತೆ ಮತ್ತೆ ಬಂದರೆ ಭಟ್ಟರೋ ಮಾಲೀಕರೋ ಬದಲಾಗಿದ್ದಾರೆ ಎಂದುಕೊಳ್ಳಿ. ಗ್ರಾಹಕರು ಹಾಕಿದ ಫೋಟೋಗಳಲ್ಲಿ ತಟ್ಟೆಗಿಂತ ಹಿನ್ನೆಲೆ ನೋಡಿ: ಪಕ್ಕದ ಟೇಬಲ್ಲಿನವರು ಏನು ತಿನ್ನುತ್ತಿದ್ದಾರೆ, ದರಪಟ್ಟಿಯಲ್ಲಿ ಎಷ್ಟು ಪದಾರ್ಥ ಇವೆ. ಡೆಲಿವರಿ ಆ್ಯಪಿನಲ್ಲಿ ಒಂದೇ ವಿಳಾಸಕ್ಕೆ ಬಿರಿಯಾನಿ, ಚೈನೀಸ್, ಪರಾಠ ಎಂದು ನಾಲ್ಕಾರು ಹೆಸರು ಇದ್ದರೆ ಅದು ಒಂದೇ ಅಡುಗೆಮನೆ. ಅಲ್ಲಿ ಯಾವುದಕ್ಕೆ ಅತಿ ಹೆಚ್ಚು ಆರ್ಡರ್ ಇದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕುವುದಿಲ್ಲ.

ಜನರನ್ನು ಕೇಳುವುದಾದರೆ "ಇಲ್ಲಿ ಚೆನ್ನಾಗಿರೋ ಹೋಟೆಲ್ ಯಾವುದು ಸಾರ್?" ಅನ್ನಬೇಡಿ, ನಿಮ್ಮ ಬಟ್ಟೆ ನೋಡಿ ಎಸಿ ಇರುವ ಕಡೆ ಕಳಿಸುತ್ತಾರೆ. "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಾ? ಅಲ್ಲಿ ಏನು ತಗೋತೀರಾ?" ಎಂದು ಕೇಳಿ. ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು, ಹೂವಿನ ಅಂಗಡಿಯವರು ಒಂದೇ ಏರಿಯಾದಲ್ಲಿ ದಿನಾ ತಿನ್ನುವವರು, ದಿನಾ ತಿಂದು ಹೊಟ್ಟೆ ಕೆಡದ ಜಾಗ ಅವರಿಗೆ ಗೊತ್ತು. ಡೆಲಿವರಿ ಹುಡುಗರು ಅಡುಗೆಮನೆ ಬಾಗಿಲವರೆಗೆ ಹೋಗುವವರು, ಎಲ್ಲಿ ಶುಚಿ ಇದೆ ಎಂದು ಅವರನ್ನೇ ಕೇಳಬೇಕು.

ಇನ್ನು ಹೋಟೆಲಿಗೆ ಹೋದ ಮೇಲೆ. ದರ್ಶಿನಿಯಲ್ಲಿ ಗಲ್ಲಾದ ಹತ್ತಿರ ಹೋಗುವ ಮೊದಲು ದೋಸೆ ಕಾವಲಿಯ ಎದುರು ಎರಡು ನಿಮಿಷ ನಿಲ್ಲುತ್ತೇನೆ. ನೀರು ಚಿಮುಕಿಸಿದಾಗ ಚುಂಯ್ ಎಂದು ಹಾರಿಹೋಗಬೇಕು, ಪೊರಕೆಯಲ್ಲಿ ಗುಡಿಸಬೇಕು, ಆಮೇಲೆ ಹಿಟ್ಟು ಬೀಳಬೇಕು. ನೀರು ಹಾಕುವುದು ಕಾವಲಿಯ ಕಾವು ಇಳಿಸುವುದಕ್ಕೆ. ಕಾವು ಹೆಚ್ಚಿದ್ದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಂಡು ದೋಸೆ ಒಂದು ಕಡೆ ದಪ್ಪ, ಒಂದು ಕಡೆ ಹರಕು ಆಗುತ್ತದೆ. ಜನ ಹೆಚ್ಚಾದಾಗ ಗುಡಿಸುವುದನ್ನು ಬಿಟ್ಟು ಒಂದರ ಮೇಲೊಂದು ಹಾಕುತ್ತಾ ಹೋದರೆ ಹಿಂದಿನ ದೋಸೆಯ ಸುಟ್ಟ ಚೂರು ನಿಮ್ಮ ದೋಸೆಗೆ ಅಂಟಿಕೊಳ್ಳುತ್ತದೆ, ಕಹಿ ಬರುತ್ತದೆ. ಹಿಟ್ಟಿನ ಪಾತ್ರೆಯನ್ನೂ ನೋಡಿ. ಮೇಲೆ ಸಣ್ಣ ಗುಳ್ಳೆ ಇದ್ದರೆ ಹದ. ನೊರೆ ಉಕ್ಕಿ ಅಂಚಿನಲ್ಲಿ ನೀರು ಬಿಟ್ಟಿದ್ದರೆ ಹುಳಿ ಮೀರಿದೆ, ದೋಸೆ ಬಣ್ಣ ಹಿಡಿಯದೆ ಬಿಳಚಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಇದು ಸಾಮಾನ್ಯ. ಅದಕ್ಕೇ ಏಪ್ರಿಲ್-ಮೇನಲ್ಲಿ ಸಂಜೆ ದೋಸೆ ತಿನ್ನುವುದಾದರೆ ಸಂಜೆಗೆ ಬೇರೆ ಹಿಟ್ಟು ತೆಗೆಯುವ ಹೋಟೆಲುಗಳಿಗೇ ಹೋಗುತ್ತೇನೆ. ಐದು ಗಂಟೆ ಹೊತ್ತಿಗೆ ಕಾವಲಿ ಹೊಸದಾಗಿ ಕಾಯಿಸುವ ಕಡೆ ಅದು ಗೊತ್ತಾಗುತ್ತದೆ.

ದೋಸೆಯಲ್ಲೂ ಜಾತಿಗಳಿವೆ, ಒಂದನ್ನು ಇನ್ನೊಂದರ ಅಳತೆಯಲ್ಲಿ ನೋಡಬಾರದು. ವಿದ್ಯಾರ್ಥಿ ಭವನದ್ದು, ಮಲ್ಲೇಶ್ವರದ ಸಿಟಿಆರ್‌ನದು ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ದಪ್ಪ. ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಸಾಂಬಾರ್ ಕೊಡುವುದಿಲ್ಲ, ಚಟ್ನಿ ಮೇಲೇ ಹುಯ್ಯುತ್ತಾರೆ. ದಾವಣಗೆರೆ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕುತ್ತಾರೆ, ಬಿಳಿ ಬೆಣ್ಣೆ, ಖಾರವಿಲ್ಲದ ಆಲೂ ಪಲ್ಯ, ತೆಳು ಕಾಯಿ ಚಟ್ನಿ. "ದಾವಣಗೆರೆ" ಎಂದು ಬೋರ್ಡ್ ಹಾಕಿ ಹಳದಿ ಬೆಣ್ಣೆ ಕರಗಿಸಿ ಸವರುವ ಕಡೆ ಹೆಸರಿಗೆ ದುಡ್ಡು ಕೊಡುತ್ತೀರಿ ಅಷ್ಟೆ.

ಚಟ್ನಿಯನ್ನು ಮೊದಲು ಬರೀ ಚಮಚದಲ್ಲಿ ರುಚಿ ನೋಡಿ. ಕಾಯಿ ಹೆಚ್ಚಿದ್ದರೆ ನಾಲಿಗೆ ಮೇಲೆ ಸಣ್ಣ ತರಿ ಸಿಗುತ್ತದೆ, ಹಿಂದೆ ಸಿಹಿ ಬರುತ್ತದೆ. ಹುರಿಗಡಲೆ ಹೆಚ್ಚಾದರೆ ಪೇಸ್ಟಿನ ಹಾಗೆ ಅಂಟುತ್ತದೆ. ತಟ್ಟೆಯಲ್ಲಿ ಐದು ನಿಮಿಷ ಬಿಟ್ಟಾಗ ಸುತ್ತ ನೀರು ಬೇರೆಯಾದರೆ ಜನ ಹೆಚ್ಚಾದಾಗ ನೀರು ಬೆರೆಸಿದ್ದಾರೆ. ಇಡ್ಲಿಗೆ ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳ್ಳೆ ಹೊತ್ತು. ಇಡ್ಲಿ ಬೇಯಿಸುವ ತಟ್ಟೆಯ ಮೇಲೆ ಬಟ್ಟೆ ಇದೆಯೋ ಪ್ಲಾಸ್ಟಿಕ್ ಹಾಳೆಯೋ ಎಂದು ಕಣ್ಣು ಹಾಯಿಸಿ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ತಪಾಸಣೆ ಮಾಡಿದಾಗ ಹಲವು ಕಡೆ ಪ್ಲಾಸ್ಟಿಕ್ ಸಿಕ್ಕಿ, ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಬಟ್ಟೆಯ ಮೇಲೆ ಬೆಂದ ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಇರುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಬೆಂದದ್ದು ನುಣ್ಣಗೆ ಹೊಳೆಯುತ್ತದೆ. (ಎಣ್ಣೆ ಸವರಿದ ಗುಳಿ ತಟ್ಟೆಯ ಇಡ್ಲಿಯೂ ನುಣ್ಣಗಿರುತ್ತದೆ, ಹಾಗಾಗಿ ತಳ ನೋಡಿಯಷ್ಟೇ ತೀರ್ಮಾನಿಸಬೇಡಿ.)

ವಡೆ, ಬಜ್ಜಿ ಬೇಕಾದರೆ ಬಾಣಲೆ ನೋಡದೆ ಹೇಳಬೇಡಿ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ಅಂಶ) ಶೇ. 25 ದಾಟಿದರೆ ಬಳಸಬಾರದು ಎಂಬ ನಿಯಮ 2018ರಿಂದ ಇದೆ. ಅದನ್ನು ಅಳೆಯಲು ನಮ್ಮ ಕೈಲಿ ಆಗದು, ಕಣ್ಣಿಗೆ ಕಾಣುವುದಿಷ್ಟು: ಎಣ್ಣೆ ಕಪ್ಪಗೆ, ಜಿಗುಟು, ವಡೆ ತೆಗೆದ ಮೇಲೂ ನೊರೆ ಇಳಿಯುವುದಿಲ್ಲ. ಗೋಬಿ ಮಂಚೂರಿ, ಕಬಾಬ್ ಕಡುಗೆಂಪಗಿದ್ದು ಬೆರಳಿಗೆ ಬಣ್ಣ ಹತ್ತಿದರೆ ತಿನ್ನದೆ ಎದ್ದು ಬನ್ನಿ. ಎರಡಕ್ಕೂ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರಲ್ಲೇ ನಿಷೇಧಿಸಿದೆ. ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ಸಂಖ್ಯೆ ಇರಬೇಕು, 2022ರ ಜನವರಿಯಿಂದ ಬಿಲ್ಲಿನ ಮೇಲೂ ಇರಬೇಕು. 1ರಿಂದ ಶುರುವಾದರೆ ಪರವಾನಗಿ, 2ರಿಂದ ಶುರುವಾದರೆ ಚಿಕ್ಕ ವ್ಯಾಪಾರಿಯ ನೋಂದಣಿ. ಅದೇ ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದು ಅದೇ ಹೋಟೆಲಿನದೋ, ಅವಧಿ ಮುಗಿದಿದೆಯೋ ಎಂದು ತಿಳಿಯುತ್ತದೆ.

ಮಿಲಿಟರಿ ಹೋಟೆಲಿಗೆ ಹನ್ನೆರಡೂವರೆಯಿಂದ ಒಂದೂಕಾಲರ ಒಳಗೆ ಹೋಗಬೇಕು. ಮೊದಲೇ ಹೋದರೆ ಮುದ್ದೆ ಆಗಿರುವುದಿಲ್ಲ, ಎರಡು ಗಂಟೆ ಮೇಲೆ ಹೋದರೆ ತಲೆಮಾಂಸ, ಬೋಟಿ, ಕಾಲು ಸೂಪು ಮುಗಿದಿರುತ್ತವೆ. ಮುದ್ದೆಯ ಮೇಲ್ಮೈ ನುಣ್ಣಗೆ ಹೊಳೆಯಬೇಕು. ಮುರಿದಾಗ ಒಳಗೆ ಹಸಿ ಹಿಟ್ಟಿನ ಗಂಟು ಕಂಡರೆ ಮಾಡುವಾಗ ಸರಿಯಾಗಿ ತಿರುವಿಲ್ಲ, ಸಾರಿನಲ್ಲಿ ಅದ್ದಿದ ಬೆರಳಿಗೂ ಅಂಟಿದರೆ ಬೆಂದಿಲ್ಲ, ಮೇಲೆ ಚಕ್ಕೆ ಕಟ್ಟಿದ್ದರೆ ಡಬ್ಬಿಯಲ್ಲಿ ಬಹಳ ಹೊತ್ತು ಇಟ್ಟಿದ್ದಾರೆ. ದೊನ್ನೆ ಬಿರಿಯಾನಿಯ ಯೋಗ್ಯತೆ ತಿಳಿಯಲು ನಾನು ಮೊದಲು ಕುಷ್ಕ (ತುಂಡಿಲ್ಲದ ಬಿರಿಯಾನಿ ಅನ್ನ) ತರಿಸುತ್ತೇನೆ. ಜೀರಿಗೆ ಸಾಂಬ ಅಕ್ಕಿಯ ಚಿಕ್ಕ ಕಾಳು, ಕೊತ್ತಂಬರಿ-ಪುದೀನ-ಹಸಿಮೆಣಸಿನ ಹಸಿರು, ಮಾಂಸದ ರಸ ಅನ್ನಕ್ಕೆ ಇಳಿದಿರಬೇಕು. ತುಂಡಿಲ್ಲದೆಯೂ ಅನ್ನ ರುಚಿಯಾಗಿದ್ದರೆ ಮಾಂಸದ ಜೊತೆಯಲ್ಲೇ ಬೆಂದಿದೆ. ಸಪ್ಪೆಯಾಗಿದ್ದರೆ ಅನ್ನ ಬೇರೆ, ಮಸಾಲೆ ಬೇರೆ ಮಾಡಿ ಕಲಸಿದ್ದಾರೆ, ಆಗ ಮಟನ್‌ಗೆ ಹೆಚ್ಚು ದುಡ್ಡು ಕೊಡುವುದು ದಂಡ. ಹೊಸಕೋಟೆ ಕಡೆಯ ದಮ್ ಬಿರಿಯಾನಿ ಇದಕ್ಕೆ ತದ್ವಿರುದ್ಧ ಹೊತ್ತಿನದು. ಭಾನುವಾರ ಬೆಳಗಿನ ಜಾವ ಕತ್ತಲಲ್ಲೇ ಸಾಲು ಹಚ್ಚುತ್ತಾರೆ, ತಿಂಡಿ ಹೊತ್ತಿಗೆ ಹಂಡೆ ಖಾಲಿ.

ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಕಿವಿ ಕೊಟ್ಟರೆ ಸಾಕು. ರೊಟ್ಟಿ ಬಡಿಯುವ ಸದ್ದು ಊಟದ ಹೊತ್ತಿನಲ್ಲಿ ನಿಲ್ಲದೆ ಬರುತ್ತಿರಬೇಕು. ಬಿಸಿ ರೊಟ್ಟಿಯ ಅಂಚು ಸೀಳಿ ಸೀಳಿ ಬಂದಿದ್ದರೆ ಜೋಳದ ಹಿಟ್ಟು ಹಳೆಯದು, ಬೀಸಿ ಬಹಳ ದಿನವಾದರೆ ಹಿಟ್ಟಿನ ಜಿಗಿ ಹೋಗುತ್ತದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಸೊಪ್ಪು, ಗಟ್ಟಿ ಮೊಸರನ್ನು ಕೇಳದೆ ಇಟ್ಟರೆ ಆ ಜಾಗವನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ.

ಬೇರೆ ಪ್ರಾಂತ್ಯದ ಊಟ ಬೇಕಾದರೆ ಆ ಪ್ರಾಂತ್ಯದ ಜನ ಏನು ಕೆಲಸಕ್ಕೆ ಬಂದು ಎಲ್ಲಿ ಉಳಿಯುತ್ತಾರೆ ಎಂದು ಯೋಚಿಸಿ. ಬೊಮ್ಮಸಂದ್ರದ ದೊಡ್ಡ ಹೃದಯ ಆಸ್ಪತ್ರೆಗೆ ಬಂಗಾಳದಿಂದ ರೋಗಿಗಳು, ಅವರ ಮನೆಯವರು ಬಂದು ವಾರಗಟ್ಟಲೆ ಉಳಿಯುತ್ತಾರೆ, ಸುತ್ತ ಬಂಗಾಳಿ ಬೋರ್ಡಿನ ಸಣ್ಣ ಊಟದ ಹೋಟೆಲುಗಳು ಎದ್ದಿವೆ. ಸಾಸಿವೆ ಹಾಕಿದ ಮೀನಿನ ಸಾರು ಅಲ್ಲಿ ಕಡಿಮೆ ದುಡ್ಡಿಗೆ, ಮನೆಯ ಹದದಲ್ಲಿ ಸಿಗುತ್ತದೆ. ಮಡಿವಾಳದ ಕಡೆ ಮಲಯಾಳಿ ಊಟ ಸಿಗುವುದೂ ಹೀಗೇ.

ಅಂಗಡಿಗಳ ವಿಷಯದಲ್ಲೂ ಖರ್ಚಾಗುವ ವೇಗವೇ ಮುಖ್ಯ. ಅಯ್ಯಂಗಾರ್ ಬೇಕರಿಯಲ್ಲಿ "ಖಾರಾ ಬನ್ ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳಿ. ಥಟ್ಟನೆ ಗಂಟೆ ಹೇಳಿದರೆ ಒಲೆ ಹಿಂದೆಯೇ ಇದೆ, ತಡವರಿಸಿದರೆ ಬೇರೆ ಕಡೆಯಿಂದ ತರಿಸುತ್ತಾರೆ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ನಿಪ್ಪಟ್ಟನ್ನು ಮುರಿದು ಮೂಸಿ. ಎಣ್ಣೆ ಹಳತಾದಾಗ ಮೊದಲು ಕಮಟುವುದು ಅದರೊಳಗಿನ ಕಡಲೆಕಾಯಿ ಬೀಜ. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯ ಹುರಿಗಾಳು, ನಿಪ್ಪಟ್ಟು, ಕೋಡುಬಳೆಗೆ ಈಗಲೂ ಜನ ನಿಲ್ಲುತ್ತಾರೆ, ಸರಕು ಹಳತಾಗಲು ಪುರಸೊತ್ತೇ ಇಲ್ಲ.

ಬ್ಯಾಡಗಿ ಮೆಣಸಿನಕಾಯಿಗೆ ಸುಕ್ಕು, ಕಡುಗೆಂಪು, ಕಡಿಮೆ ಖಾರ ಗುರುತು. ಬಣ್ಣ ಹಾಕಿದ್ದಾರೆಯೇ ಎಂದು ಅನುಮಾನ ಬಂದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಮೆಣಸಿನಕಾಯಿಯ ಸ್ವಂತ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಲ್ಲ. ಒದ್ದೆ ಬಟ್ಟೆಗೇ ಕೆಂಪು ಹತ್ತಿದರೆ ಅದು ಹೊರಗಿನದು.

ಅವರೆಕಾಯಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಸೊಗಡಿದ್ದರೆ ಸಿಪ್ಪೆ ಮುಟ್ಟಿದ ಬೆರಳು ಅಂಟಂಟಾಗಿ ವಾಸನೆ ಉಳಿಯುತ್ತದೆ. ಹಿತಕಿದ ಬೇಳೆ ಕೊಳ್ಳುವಾಗ ಅಂಗಡಿಯವರ ಬೇಸಿನ್ನಿನ ನೀರು ನೋಡಿ. ತಿಳಿಯಾಗಿದ್ದರೆ ತೆಗೆದುಕೊಳ್ಳಿ, ಲೋಳೆಯಾಗಿ ಹುಳಿ ವಾಸನೆ ಬಂದರೆ ಹಿಂದಿನ ದಿನ ಹಿತಕಿದ್ದು, ಸಾರು ಕೆಡುತ್ತದೆ.

ಕಾಫಿಪುಡಿ ಅಂಗಡಿಯಲ್ಲಿ ಬೀಜ ನಿಮ್ಮೆದುರು ಯಂತ್ರಕ್ಕೆ ಬೀಳಬೇಕು. ಪೀಬೆರಿ (ಒಂಟಿಯಾಗಿ ಬೆಳೆದ ಗುಂಡು ಬೀಜ) ಎಷ್ಟು, ಪ್ಲಾಂಟೇಶನ್ (ತೊಳೆದು ಒಣಗಿಸಿದ ಅರೇಬಿಕಾ ಬೀಜ) ಎಷ್ಟು, ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಎಷ್ಟು ಎಂದು ನೀವೇ ಹೇಳಿ. ಹೊಸಬರು ಕಾಫಿ 80, ಚಿಕೋರಿ 20ರಿಂದ ಶುರು ಮಾಡಿ, ಡಿಕಾಕ್ಷನ್ ಕಪ್ಪಾದರೂ ಘಮ ಸಾಲದು ಅನ್ನಿಸಿದರೆ ಮುಂದಿನ ಸಲ 85:15. ಪೊಟ್ಟಣದ ಪುಡಿಯಾದರೆ ಚಿಕೋರಿಯ ಪ್ರಮಾಣ ಮೇಲೆ ಮುದ್ರಿಸಿರಲೇಬೇಕು. ಅನುಮಾನವಿದ್ದರೆ ಒಂದು ಲೋಟ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿ: ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ತಳಕ್ಕಿಳಿಯುತ್ತದೆ. ಒಮ್ಮೆಗೆ 200 ಗ್ರಾಂ ಸಾಕು, ಫಿಲ್ಟರಿಗೆ ಎಂದು ಹೇಳಿ ಬೀಸಿಸಿ. ಮನೆಗೆ ತಂದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಡಿ.