ಮೀನುಗಳನ್ನು ಹೊರಗೆ ತೆಗೆಯದೆ ತೊಟ್ಟಿ ತೊಳೆಯುವ ನನ್ನ ಕ್ರಮ

ಮೈಸೂರಿನ ನಮ್ಮ ಮನೆಯಲ್ಲಿರುವ ಮೂರು ಅಡಿಯ ಮೀನಿನ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ನಾಲ್ಕು ವರ್ಷದ ಮೇಲಾಯಿತು. ಆರು ತಿಂಗಳಲ್ಲಿ ನಾರತೊಡಗುತ್ತದೆ ಎಂದಿದ್ದ ನಮ್ಮ ಭಾವನವರೇ ಈಗ ನನ್ನಂತೆಯೇ ಕೊಳವೆ ಹಿಡಿದು ಕೂರುತ್ತಾರೆ.

ಮೊದಲೆಲ್ಲ ನಾನೂ ತಿಂಗಳಿಗೊಮ್ಮೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನು ನಲ್ಲಿಯಡಿ ಉಜ್ಜಿ, ಫಿಲ್ಟರಿನ ಸ್ಪಂಜನ್ನು ಹೊಸದರಂತೆ ಹಿಂಡಿ ತೆಗೆಯುತ್ತಿದ್ದೆ. ಅಂದು ತೊಟ್ಟಿ ಹೊಳೆಯುತ್ತಿತ್ತು. ಮೂರನೆಯ ದಿನಕ್ಕೆ ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಗಿ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಸಲ ಆರು ಏಂಜಲ್, ಎರಡು ಗೌರಾಮಿ ಸತ್ತು ಸುಮಾರು 900 ರೂಪಾಯಿ ಹೋಯಿತು. ಅಂಗಡಿಯವರು ರೋಗವೆಂದು ಹೇಳಿ ಕೊಟ್ಟ ನೀಲಿ, ಹಳದಿ ಔಷಧಗಳಿಗೆ ಇನ್ನೊಂದು 600 ತೆತ್ತೆ. ಕೊನೆಗೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾದ ಪರೀಕ್ಷೆಯ ಕಿಟ್ ತಂದು ನೋಡಿದಾಗ ತಿಳಿಯಿತು: ರೋಗ ಮೀನಿಗಲ್ಲ, ನನ್ನ ಶುಚಿತ್ವದ ಚಟಕ್ಕೆ. ಕಲ್ಲು, ಸ್ಪಂಜುಗಳಲ್ಲಿ ನೆಲೆಸಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನು ನಾನೇ ಕ್ಲೋರಿನ್ ನೀರಿನಲ್ಲಿ ತೊಳೆದು ಚರಂಡಿಗೆ ಬಿಡುತ್ತಿದ್ದೆ.

ಈಗ ಶನಿವಾರ ಸಂಜೆ ಎರಡು ಬಕೆಟ್ ನೀರು ಹಿಡಿದು, ಆ್ಯಂಟಿ ಕ್ಲೋರಿನ್ ಹಾಕಿಡುತ್ತೇನೆ. ಭಾನುವಾರ ಕೊಳವೆಯಿಂದ ತಳದ ಕಲ್ಲುಗಳ ಅರ್ಧಭಾಗದ ಕಸವನ್ನಷ್ಟೇ ಎಳೆಯುತ್ತೇನೆ. ಉಳಿದರ್ಧ ಮುಂದಿನ ವಾರಕ್ಕೆ. ಅಷ್ಟರಲ್ಲಿ ಕಾಲುಭಾಗ, ಅಂದರೆ 25 ಲೀಟರಿನ ಆಸುಪಾಸು ನೀರು ಹೊರಬಂದಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಕಲ್ಲಿಗೆ ಕೈಹಾಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಬಾರಿ ಹಿಂಡುತ್ತೇನೆ. ಅದು ಕಂದುಬಣ್ಣದಲ್ಲೇ ಉಳಿಯಬೇಕು. ಮುಂದಿನ ಗಾಜಿನ ಪಾಚಿಗೆ ಹಳೆಯ ಎಟಿಎಂ ಕಾರ್ಡ್ ಸಾಕು, ಹಿಂಬದಿಯದನ್ನು ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ಹೊಸ ನೀರಿಗೆ ಒಂದು ಚೊಂಬು ಬಿಸಿನೀರು ಬೆರೆಸಿ, ಕೈಯಿಟ್ಟು ನೋಡಿ, ನಿಧಾನವಾಗಿ ಸುರಿಯುತ್ತೇನೆ. ಹೀಟರಿನ ಪ್ಲಗ್ ತೆಗೆಯಲು ಮರೆತು, ನೀರಿಳಿದ ಮೇಲೆ ಅದರ ಗಾಜು ಸೀಳಿ 450 ರೂಪಾಯಿ ಕಳೆದುಕೊಂಡವನು ನಾನು.

ಪಾಚಿ ತಿನ್ನಲೆಂದು ಸಕರ್ ಮೀನನ್ನೂ ತಂದಿದ್ದೆ. ಅದು ತಿಂದದ್ದಕ್ಕಿಂತ ಹೇತದ್ದೇ ಹೆಚ್ಚು. ಒಂದು ಅಡಿಯ ಹತ್ತಿರ ಬೆಳೆಯಿತು. ಕೆರೆಗೆ ಬಿಡಿ ಎಂದವರಿದ್ದರು, ಆದರೆ ಹೊರದೇಶದ ಆ ಮೀನು ಅಲ್ಲಿನ ಮೀನುಗಳಿಗೆ ಕಂಟಕವಾಗುವುದರಿಂದ ದೊಡ್ಡ ತೊಟ್ಟಿಯಿದ್ದ ಪರಿಚಿತರೊಬ್ಬರಿಗೆ ಕೊಟ್ಟೆ. ಬಸವನಹುಳುಗಳು ಎರಡಿದ್ದವು ಇನ್ನೂರಾದವು. ಕೈಹಿಡಿದದ್ದು ಮನಿಪ್ಲಾಂಟ್: ಬೇರುಗಳನ್ನಷ್ಟೇ ನೀರಿಗಿಳಿಸಿದ ಮೇಲೆ ಪಾಚಿ ಅರ್ಧಕ್ಕಿಳಿಯಿತು. ತೆಗೆದ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತದೆ.

ಕಳೆದ ಆಷಾಢದಲ್ಲಿ ಏಂಜಲ್ ಜೋಡಿಯೊಂದು ಫಿಲ್ಟರಿನ ಕೊಳವೆಯ ಮೇಲೆ ಮೊಟ್ಟೆಯಿಟ್ಟಿತು. ಆ ಭಾನುವಾರ ಕಲ್ಲು, ಗಾಜು ಯಾವುದನ್ನೂ ಮುಟ್ಟದೆ ಒಂದೇ ಬಕೆಟ್ ನೀರು ಬದಲಿಸಿದೆ.